ಬೆರಳಗಲದ ಸಂದು

ನಮ್ಮ ಸೋದರಮಾವನಿಗೆ ಊರವರು ದಬ್ಬಳ ಎಂದು ಹೆಸರಿಟ್ಟಿದ್ದರು. ಬಡಗಿ ಕೆಲಸಕ್ಕೆ ಯಾರ ಮನೆಗೆ ಹೋದರೂ ಅವನು ಕೂರುತ್ತಿರಲಿಲ್ಲ, ನೀರು ಕೇಳುತ್ತಿರಲಿಲ್ಲ. ಜೇಬಿನಿಂದ ದಬ್ಬಳ ತೆಗೆದು ಹೊಸ ಬಣ್ಣ ಬಳಿದ ಚೌಕಟ್ಟಿಗೆ ಚುಚ್ಚುತ್ತಿದ್ದ. ಅದು ಹಿಡಿಯವರೆಗೆ ಇಳಿದರೆ ಮನೆಯವರ ಮುಖ ನೋಡಿ, "ಲಡ್ಡು ಹಿಡಿದು ಕೊಳೆತಿದೆ. ಬಣ್ಣ ನಿಂತಿದೆ ಅಷ್ಟೆ, ಒಳಗೆ ಮರ ಇಲ್ಲ" ಎನ್ನುತ್ತಿದ್ದ. ಮಾತು ನಿಜವೇ. ಆದರೆ ಹೇಳುವಾಗ ಅವನ ಮುಖದಲ್ಲಿ ಕಾಣುತ್ತಿದ್ದ ಖುಷಿಯನ್ನು ಯಾರೂ ಕ್ಷಮಿಸಲಿಲ್ಲ.

ಅಪ್ಪನಂತೂ ಅವನ ನೆರಳು ಕಂಡರೆ ಉರಿಯುತ್ತಿದ್ದ. ನಮ್ಮ ಮನೆಯ ಮಟ್ಟಸ ಚಾವಣಿಗೆ ಸುತ್ತ ಅಂಚುಹಲಗೆ ಹೊಡೆದವನು ಮಾವನೇ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಮಾತಾಡಿಸಿದ್ದು ಬೈಯುವುದಕ್ಕೆ ಮಾತ್ರ.

ಅದಾದ ಹದಿಮೂರನೆಯ ವರ್ಷ ಅಮ್ಮನ ಹೊಲಿಗೆ ಕೋಣೆಯ ಗೋಡೆ ಮೇಲಿನಿಂದ ಒದ್ದೆಯಾಗತೊಡಗಿತು. ಅಂಚುಹಲಗೆಯ ಹಿಂದೆಯೇ ಚಾವಣಿಯ ತೊಲೆಗಳ ತುದಿ ಕೂತಿರುತ್ತದೆ. ಕೊಳೆ ಅಲ್ಲಿಗೂ ಹಬ್ಬಿದ್ದರೆ ಆ ಕೋಣೆಯ ಚಾವಣಿಯನ್ನೇ ಇಳಿಸಬೇಕು. ಅಮ್ಮನ ಕೆಲಸ ನಿಂತಂತೆಯೇ. ಅಪ್ಪ ಹೊಸ ಹಲಗೆ ತರಿಸಿಟ್ಟು ಬೇರೆ ಬಡಗಿಗೆ ಹೇಳಿಕಳಿಸಿದ. ಸುದ್ದಿ ಕೇಳಿದ ಮಾವ ಅವನಿಗಿಂತ ಮುಂಚೆ ಬೆಳಿಗ್ಗೆಯೇ ಏಣಿ ಹೊತ್ತು ಬಂದ.

"ನಿನ್ನನ್ನ ಯಾರಯ್ಯ ಕರೆದಿದ್ದು?" ಅಪ್ಪ ಬಾಗಿಲಲ್ಲೇ ತಡೆದ.

"ನಾನು ಹೊಡೆದ ಹಲಗೆ ಭಾವ. ಕಂಡೋರ ಕೈ ಹಾಕಿಸಿದ್ರೆ ಈ ಹೊಸ್ತಿಲು ಮತ್ತೆ ತುಳಿಯಲ್ಲ."

"ಅಷ್ಟು ಪುಣ್ಯ ನಾನೆಲ್ಲಿ ಮಾಡಿದ್ದೀನಿ!"

"ಇಬ್ರೂ ಬಾಯಿ ಮುಚ್ಚಿ," ಎಂದಳು ಅಮ್ಮ. "ಹತ್ತೋ. ಏಣಿ ನಾನು ಹಿಡೀತೀನಿ."

ಮಾವ ಚಾವಣಿಯ ಅಂಚಿನಲ್ಲಿ ಕೂತು ಮೊದಲ ಹಲಗೆ ಕಿತ್ತ. ಅದನ್ನು ಕೆಳಗೆಸೆಯದೆ ಅಲ್ಲೇ ಮುರಿದು ಗೋಣಿಚೀಲಕ್ಕೆ ತುಂಬಿದ. ಎರಡನೆಯದನ್ನೂ ಹಾಗೇ ಮಾಡಿದ. ಅಮ್ಮನಿಗೆ ಇದು ವಿಚಿತ್ರವೆನಿಸಿತು. ಊರಿಗೆಲ್ಲ ಲಡ್ಡು ತೋರಿಸಿ ಮಾನ ಕಳೆಯುವವನು ಇವತ್ತು ಯಾಕೆ ಬಚ್ಚಿಡುತ್ತಿದ್ದಾನೆ? ಸೆರಗು ಸಿಕ್ಕಿಸಿ ತಾನೇ ಏಣಿ ಹತ್ತಿದಳು.

ಹಲಗೆಯ ನೆತ್ತಿಯ ಮೇಲೆ ತಗಡಿನ ಪಟ್ಟಿ ಮಡಚಿ ಕೂರಿಸಿರುತ್ತಾರೆ. ತಗಡಿಗೂ ಹಲಗೆಗೂ ನಡುವೆ ಬೆರಳಗಲದ ಸಂದು ಬಿಡಬೇಕು. ಆಗ ನೀರು ತಗಡಿನ ತುದಿಯಿಂದ ನೇರ ನೆಲಕ್ಕೆ ಬೀಳುತ್ತದೆ, ಹಲಗೆಯ ಹಿಂದಕ್ಕೆ ನುಸುಳುವುದಿಲ್ಲ. ಸಂದು ಬಿಡದ ಬಡಗಿಗಳನ್ನು ಮಾವ ಹೆಸರು ಹಿಡಿದು ಬೈಯುತ್ತಿದ್ದ. ಇಲ್ಲಿ ತಗಡು ಹಲಗೆಗೆ ಅಂಟಿಕೊಂಡಂತೆ ಮೊಳೆ ಬಿದ್ದಿತ್ತು.

"ಸಂದು ಎಲ್ಲೋ?"

"ಭಾವ ಬೇಡ ಅಂದ್ರು. ಹಲ್ಲು ಕಿಸಿದ ಹಾಗೆ ಕಾಣುತ್ತೆ ಅಂದ್ರು."

"ಕೊಳೆಯುತ್ತೆ ಅಂತ ಹೇಳಿದ್ಯಾ?"

"ಯಾಕೆ ಹೇಳ್ಲಿ? ಕೂಲಿಯವರ ಮುಂದೆ 'ಹೇಳಿದಷ್ಟು ಮಾಡು' ಅಂದ್ರಲ್ಲ. ಹೇಳಿದಷ್ಟೇ ಮಾಡ್ದೆ."

"ಗೊತ್ತಿದ್ದೂ?"

"ಗೊತ್ತಿದ್ದೂ."

"ಕೆಳಗೆ ಕೂತು ಹೊಲಿಯೋಳು ನಿನ್ನ ಭಾವ ಅಲ್ಲ ಕಣೋ. ನಾನು."

ಮಾವ ಉಳಿದ ಲಡ್ಡಿನ ಚೂರನ್ನು ಚೀಲಕ್ಕೆ ತುರುಕಿದ.

"ತೊಲೆಗೆ ಚುಚ್ಚು," ಎಂದಳು ಅಮ್ಮ.

ಮೊದಲ ಎರಡು ತೊಲೆಗಳಲ್ಲಿ ದಬ್ಬಳ ಉಗುರಿನಷ್ಟು ಇಳಿದು ನಿಂತಿತು. ಮೂರನೆಯದರಲ್ಲಿ ಹಿಡಿಯವರೆಗೆ ಹೋಯಿತು. ಮಾವನ ಬಾಯಿಂದ ಎಂದಿನ ಮಾತು ಬರಲಿಲ್ಲ. ಕಾಲು ಗಜದಷ್ಟು ಕತ್ತರಿಸಿ, ಪಕ್ಕಕ್ಕೆ ಹೊಸ ತುಂಡು ಕೂರಿಸಿದರೆ ತೊಲೆ ಉಳಿಯುತ್ತದೆ ಎಂದ, ಅಷ್ಟೆ.

ಅಮ್ಮ ಇಳಿದವಳೇ ಏಣಿಯನ್ನು ಎಳೆದು ಎದುರಿನ ಕಾಂಪೌಂಡ್ ಗೋಡೆಗೆ ಒರಗಿಸಿದಳು.

"ಅಕ್ಕಾ!"

"ತೊಲೆ ಸರಿಮಾಡಿ ನಾಲ್ಕೂ ಕಡೆ ಮುಗಿಸು. ಆಮೇಲೆ ಏಣಿ."

ಅಪ್ಪ ಹೊಟ್ಟೆ ಹಿಡಿದು ನಕ್ಕ. "ಕೋತಿ ಮೇಲೇ ಉಳೀತು!"

"ನೀವು ನಗಬೇಡಿ. ಸಂದು ಬೇಡ ಅಂದ ಬಾಯಿ ಯಾವುದು?" ಎಂದು ಅಮ್ಮ ಅವನ ಕೈಗೆ ಹಗ್ಗ ಕೊಟ್ಟಳು. "ಹಲಗೆ ಕಟ್ಟಿ ಮೇಲಕ್ಕೆ ಕಳಿಸಿ."

ಹೀಗೆ ಅಪ್ಪ ಕೆಳಗೆ ಕಟ್ಟಿದ, ಮಾವ ಮೇಲೆ ಎಳೆದ. ಕಟ್ಟು ಸಡಿಲವಾದರೆ ಮೇಲಿಂದ ಬೈಗುಳ, ಹಗ್ಗ ತಡವಾದರೆ ಕೆಳಗಿಂದ ಬೈಗುಳ. ಮೂರು ದಿಕ್ಕು ಮುಗಿಯುವ ಹೊತ್ತಿಗೆ ಅಪ್ಪನಿಗೆ ತಡೆಯಲಾಗಲಿಲ್ಲ.

"ಈಗಲೂ ಹಲ್ಲು ಕಿಸಿದ ಹಾಗೇ ಕಾಣುತ್ತೆ."

"ಕಿಸೀಲಿ ಭಾವ. ಈ ಸಲ ನಿಮ್ಮನ್ನ ಕೇಳಿದೋರ್ಯಾರು?"

ಸಂಜೆ ಕೊನೆಯ ಮೊಳೆ ಬಿದ್ದ ಮೇಲೆ ಅಮ್ಮ ಏಣಿ ತಂದಳು. ಮಾವ ಕಾಲು ಚಾಚಿದ. ಅವಳು ಏಣಿಯನ್ನು ಅವನ ಕಾಲಿಗೆ ಸಿಗದಷ್ಟು ದೂರ ನಿಲ್ಲಿಸಿ, ಹತ್ತಿ, ಸಂದಿಗೆ ತೋರುಬೆರಳು ತೂರಿಸಿ ಎಳೆಯುತ್ತ ಹೋದಳು. ಇಳಿದಳು, ಏಣಿ ಸರಿಸಿದಳು, ಮತ್ತೆ ಹತ್ತಿದಳು. ನಾಲ್ಕೂ ದಿಕ್ಕು ಹೀಗೇ ನೋಡಿದಳು. ತಮ್ಮನ ಕೆಲಸವನ್ನು ಅವಳು ಹಿಂದೆಂದೂ ಮುಟ್ಟಿ ನೋಡಿದವಳಲ್ಲ. ಮಾವ ಮೇಲೆ ಕೈ ಕಟ್ಟಿ ನಿಂತು ನೋಡುತ್ತಲೇ ಇದ್ದ.

"ಸರಿಯಿದೆ. ದಬ್ಬಳ ಕೊಡು, ಆಮೇಲೆ ಇಳಿ."

ಅವನು ಕೊಟ್ಟ, ಇಳಿದ. ಒಳಗೆ ಬಾ ಎಂದು ಅವಳು ಕರೆಯಲಿಲ್ಲ. ಈಗ ಆ ದಬ್ಬಳ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಕತ್ತರಿಯ ಪಕ್ಕ ಇದೆ. ಪ್ರತಿ ವರ್ಷ ಮಳೆಗೆ ಮುಂಚೆ ಅಮ್ಮ ತಾನೇ ಏಣಿ ಹತ್ತಿ ಚುಚ್ಚಿ ನೋಡುತ್ತಾಳೆ.