ಇಲಿಗಳ ದಿಗಿಲು ಅಳೆಯುವವಳು

ಇಲಿಗಳ ದಿಗಿಲು ಅಳೆಯುವ ಹುಡುಗಿಯೊಬ್ಬಳು ನಮ್ಮ ಮಹಡಿಗೆ ಬಾಡಿಗೆಗೆ ಬರುತ್ತಾಳೆಂದು ಕೇಳಿದ ದಿನವೇ ನನಗೆ ಮೈಯೆಲ್ಲ ಉರಿದಿತ್ತು. ಹೆಸರು ಅಂಬ್ರೀನ್, ಊರು ಕುಣಿಗಲ್, ಗಂಡ ಯಾವುದೋ ದೂರದ ಊರಿನಲ್ಲಿ, ಕೆಲಸ ತುಮಕೂರಿನ ಯಾವುದೋ ಲ್ಯಾಬಿನಲ್ಲಿ. ಇಂಥವರು ಬೆಕ್ಕು ಬೆಚ್ಚಿದರೂ ಬರೆದುಕೊಳ್ಳುತ್ತಾರೆ, ನಾನು ಸಿಡುಕಿದರೂ ‘ಹಾರ್ಮೋನು’ ಅನ್ನುತ್ತಾರೆ. ಎತ್ತರದ ಹಲಗೆಯ ಮೇಲೆ ಇಲಿ ಬಿಟ್ಟು, ಅದು ಎಷ್ಟು ಹೊತ್ತು ಮುದುಡಿ ಕೂರುತ್ತದೆಂದು ನೋಡುವುದೂ ಒಂದು ಕೆಲಸವೇ? “ಮೂಕ ಪ್ರಾಣೀನ ಹೆದರ್ಸಿ ಸಂಬಳ ತಗೊಂತೀಯಲ್ಲೇ ತಾಯಿ!” ಎಂದು ಅವಳು ಬಂದ ದಿನವೇ ಬೈದೆ. “ಹಂಗಲ್ಲ ಅಜ್ಜಿ, ಬಸುರಿ ಇಲಿಗೆ ಹಾರ್ಮೋನಿಂದ ಮಿದುಳಲ್ಲೇ ಧೈರ್ಯದ ಮದ್ದು ತಯಾರಾಗುತ್ತೆ. ಹೆತ್ತ ಕೂಡ್ಲೇ ಅದು ಇಳ್ದೋಗುತ್ತೆ, ದಿಗಿಲು ಶುರುವಾಗುತ್ತೆ,” ಎಂದಳು. “ಅದಕ್ಕೇ ಕಣೇ ಬಾಣಂತೀನ ಒಬ್ಳೇ ಬಿಡಬಾರ್ದು ಅನ್ನೋದು! ಗುಬ್ಬೀಲಿ ನಮ್ಮತ್ತೆ ಯಾವ ಇಲೀನ ಕೇಳಿ ಹೇಳಿದ್ರು?” ಎಂದೆ. ನಕ್ಕಳು; ಅದನ್ನೂ ಬರೆದುಕೊಂಡಳು. ಆಮೇಲೆ ಅವಳೇ ಬಸುರಿಯಾಗಿ, ಕುಣಿಗಲ್ಲಿನ ತವರಿಗೆ ಹೋಗಿ ಹೆತ್ತಳು. ನಲವತ್ತು ದಿನ ತುಂಬುವ ಮೊದಲೇ ಕೆಲಸಕ್ಕೆ ಬಾ ಎಂದರಂತೆ ಲ್ಯಾಬಿನ ದೊಡ್ಡವರು. ಇಲಿಯ ದಿಗಿಲು ಬಲ್ಲ ಆ ಪುಣ್ಯಾತ್ಮರಿಗೆ ಬಾಣಂತಿಯದು ಗೊತ್ತಾಗಲಿಲ್ಲವೇ? ಅವರ ಓದಿಗೆ ಬೆಂಕಿ ಹಾಕ! ಕೂಸನ್ನೆತ್ತಿಕೊಂಡು ಒಬ್ಬಳೇ ಮಹಡಿಗೆ ವಾಪಸು ಬಂದಳು. ನಿನ್ನೆ ಮಧ್ಯಾಹ್ನ ಸಾರು ಕೊಡಲು ಮೇಲೆ ಹೋದರೆ, ಹಾಡಹಗಲೇ ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿದ್ದಾಳೆ, ಮಲಗಿದ ಕೂಸಿನ ಮೂಗಿನ ಹತ್ತಿರ ಮತ್ತೆ ಮತ್ತೆ ಬೆರಳು ಹಿಡಿಯುತ್ತಿದ್ದಾಳೆ. ನಾನು ಹೊರಡಲು ತಿರುಗಿದಾಗ ಸೆರಗು ಹಿಡಿದುಕೊಂಡಳು. “ಅಜ್ಜಿ, ಒಂದ್ಗಳಿಗೆ ಕಣ್ಮುಚ್ತೀನಿ. ಇವ್ಳು ಉಸಿರಾಡೋದ್ನ ಅಲ್ಲೀವರ್ಗೂ ನೀವು ನೋಡ್ತಿರ್ತೀರಾ?”