ಪಟ್ಟದ ಗೊಂಬೆಯ ಗೇಣು ಸೀರೆ

ಅಮ್ಮ ಹೋದ ಮೇಲೆ ಅವಳ ಟ್ರಂಕು ತೆಗೆದಾಗ, ಒಣಗಿದ ಬೇವಿನೆಲೆ ಮತ್ತು ನುಸಿಗುಳಿಗೆಯ ವಾಸನೆಯ ನಡುವೆ ಒಂದು ರೇಷ್ಮೆ ತುಂಡು ಸಿಕ್ಕಿತು. ಕುಂಕುಮದ ಬಣ್ಣ, ಒಂದು ತುದಿಗೆ ಜರಿಯ ಅಂಚು. ಅಗಲ ಸೀರೆಯಷ್ಟೇ ಇದ್ದರೂ ಉದ್ದ ಒಂದೇ ಗೇಣು. ಅದನ್ನು ನಾನೇ ಕದ್ದು ತಂದಿದ್ದೆ. ಯಾರ ಮೈಮೇಲಿಂದ ಬಿಚ್ಚಿ ತಂದೆ ಎಂಬುದು ನೆನಪಾಗಿ ಕೈ ನಿಂತಿತು...

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮುಕ್ಕಾಲು ಪಾಲು ನೇಕಾರರ ಮನೆಗಳು. ಎದುರುಮನೆ ಅತ್ತೆಯ ಗಂಡನೂ ನೇಕಾರರೇ. ನನಗೆ ಬುದ್ಧಿ ಬರುವ ಹೊತ್ತಿಗೆ ಅವರು ತೀರಿಕೊಂಡಿದ್ದರು, ಮಗ್ಗ ಸುಮ್ಮನಾಗಿತ್ತು. ಮಗ್ಗದ ಗುಂಡಿಗೆ ಹಲಗೆ ಮುಚ್ಚಿ, ದಸರೆ ಬಂದರೆ ಅದರ ಮೇಲೆ ಅತ್ತೆ ಗೊಂಬೆ ಕೂರಿಸುತ್ತಿದ್ದರು.

ಎಂಥ ಗೊಂಬೆಗಳು! ಘಾಟಿಯ ಜಾತ್ರೆಗೆ ಹೋದಾಗಲೆಲ್ಲ ತಂದ ಮಣ್ಣಿನವು, ಬೆಂಗಳೂರಿನ ದಂಡಿನಿಂದ ಯಾರೋ ತಂದುಕೊಟ್ಟ ನೀಲಿ ಕಣ್ಣಿನ ಪಿಂಗಾಣಿಯದು, ಎಲ್ಲಕ್ಕೂ ಮೇಲೆ ಅವರ ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಗೊಂಬೆಗಳು, ಮರದ ರಾಜ ರಾಣಿ. ವರ್ಷವರ್ಷವೂ ಎಲ್ಲರಿಗೂ ಬಟ್ಟೆ ಬದಲಾಗಬೇಕು. ಒಂದು ವರ್ಷ ಪಿಂಗಾಣಿಯವಳಿಗೆ ಉಬ್ಬು ತೋಳಿನ ರವಿಕೆ, ಮರುವರ್ಷ ಅಂಗಡಿ ಶೆಟ್ಟರ ಗೊಂಬೆಯ ಹೆಂಡತಿಗೆ ಗಾಜಿನ ಮಣಿಯ ಡಾಬು. ಪೊರಕೆ ಕಡ್ಡಿಗೆ ಸುತ್ತಿ ನಿರಿಗೆ ಹಿಡಿದು, ಒರಳುಕಲ್ಲಿನಡಿ ಒತ್ತಿಟ್ಟು ತೆಗೆದರೆ ನಿರಿಗೆ ಚಾಕುವಿನ ಅಲಗಿನ ಹಾಗೆ ನಿಲ್ಲುತ್ತಿತ್ತು. ನನಗೆ ಕೊಡುತ್ತಿದ್ದ ಕೆಲಸ ಗುಂಡುಪಿನ್ನು ಹಿಡಿದುಕೊಳ್ಳುವುದು. ಆ ಒಂದು ಪಿನ್ನಿಗಾಗಿ ನಾನು ಊಟ ಬಿಟ್ಟು ಓಡುತ್ತಿದ್ದೆ.

ಯುದ್ಧದ ಕಾಲ. ಬಟ್ಟೆಗೆ ಕಂಟ್ರೋಲು. ನಾವು ತೇಪೆ ಹಾಕಿದ ಲಂಗ ಉಡುತ್ತಿದ್ದಾಗ ಅತ್ತೆಯ ಗೊಂಬೆಗಳಿಗೆ ರೇಷ್ಮೆ ಎಲ್ಲಿಂದ ಬರುತ್ತದೆ ಎಂದು ಬೀದಿಯೆಲ್ಲ ಗುಸುಗುಸು. ಅಮ್ಮ ಅದಕ್ಕೆ ಕಿವಿಗೊಟ್ಟವಳಲ್ಲ, ಆ ದಸರೆಯವರೆಗೆ. ಅವಳ ಧಾರೆ ಸೀರೆಯ ಸೆರಗಿನಲ್ಲಿ ಎಳೆ ಕಿತ್ತಿತ್ತು. ಅತ್ತೆಗೆ ಕೊಟ್ಟಳು, ಅವರು ಚೆನ್ನಾಗಿಯೇ ಸರಿಮಾಡಿ ಕೊಟ್ಟರು. ಹತ್ತು ದಿನ ಕಳೆದು ಗೊಂಬೆ ನೋಡಲು ಹೋದರೆ ಪಟ್ಟದ ರಾಣಿ ಅದೇ ಕುಂಕುಮ ಬಣ್ಣ, ಅದೇ ಅಂಚು ಉಟ್ಟು ನಿಂತಿದ್ದಾಳೆ!

ಮನೆಗೆ ಬಂದವಳೇ ಅಮ್ಮ ಸೀರೆ ಹರವಿ ಮೊಳ ಹಾಕಿದಳು. ಮದುವೆಯಲ್ಲಿ ಅಜ್ಜಿ ಅಳೆದಾಗ ಹದಿನಾರು ಮೊಳ ಇತ್ತಂತೆ. ಈಗ ಹದಿನೈದೂವರೆ. ಅರ್ಧ ಮೊಳ ಅಂದರೆ ಸರಿಯಾಗಿ ಒಂದು ಗೇಣು.

"ನೋಡ್ದ್ಯಾ? ಕತ್ತರಿಸ್ಕೊಂಡ್ಬಿಟ್ಟವ್ಳೆ," ಎಂದಳು ಅಮ್ಮ.

ಅಜ್ಜಿ ನಮ್ಮೆಲ್ಲರಿಗಿಂತ ಕುಳ್ಳಿ, ಅವಳ ಮೊಳಕೈಯೇ ಗಿಡ್ಡ ಎಂದು ಆಗ ಯಾರಿಗೂ ಹೊಳೆಯಲಿಲ್ಲ. ನನಗಂತೂ ಅನುಮಾನ ಎಂದರೆ ಬೆಲ್ಲ. ಮರುದಿನ ಅತ್ತೆ ನೀರಿಗೆ ಹೋದದ್ದು ನೋಡಿ ಒಳನುಗ್ಗಿ, ರಾಣಿಯ ಸೀರೆ ಬಿಚ್ಚಿ ತಂದು ಅಮ್ಮನ ಮಡಿಲಿಗೆ ಹಾಕಿದೆ. ಅಂಚಿಗೆ ಅಂಚು ಹಿಡಿದರೆ ಕೂದಲೆಳೆಯ ವ್ಯತ್ಯಾಸವಿಲ್ಲ.

ರಾಣಿ ಬರಿಮೈಯಲ್ಲಿ ನಿಂತದ್ದು ಕಂಡು ಅತ್ತೆ ನಮ್ಮ ಬಾಗಿಲಿಗೆ ಬಂದರು. ಅಮ್ಮ ಎರಡೂ ಅಂಚು ಎತ್ತಿ ಹಿಡಿದು ತೋರಿಸಿದಳು. "ನಿನ್ ಸೀರೆ ನೇಯ್ದೋರು ನಮ್ಮ್ ಯಜಮಾನ್ರೇ ಕಣವ್ವಾ. ಮಗ್ಗಕ್ಕೆ ಹೊಸ ಅಂಚು ಹಾಕ್ದಾಗ ಮೊದ್ಲು ಒಂದ್ ಗೇಣು ನೇಯ್ದು ನೋಡ್ತಿದ್ರು. ಆ ತುಂಡೆಲ್ಲ ನಂಗೇ ಕೊಡೋರು, ಗೊಂಬೆಗೆ ಅಂತ."

"ಇಷ್ಟ್ ವರ್ಷ ಉಡಿಸ್ದೇ ಇದ್ದಿದ್ದು, ನನ್ ಸೀರೆ ನಿಮ್ಮನೇಗೆ ಬಂದ್ ಮೇಲೇ ಉಡಿಸ್ಬೇಕಿತ್ತಾ ಅಕ್ಕಾ?"

"ನಿನ್ ಸೀರೆ ನೋಡಿದ್ಮೇಲೇ ಅಲ್ವಾ, ಅವ್ರ ಕೈ ನೆನಪಾಗಿ ಹುಡುಕ್ ತೆಗ್ದಿದ್ದು..."

ಅಮ್ಮ ಆ ತುಂಡನ್ನೂ ಸೀರೆಯ ಜೊತೆಗೇ ಎತ್ತಿಕೊಂಡು ಒಳಗೆ ಹೋದಳು. ಅತ್ತೆ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು. "ನೀನೇ ಬಿಚ್ಚಿದ್ದಾ, ಮಗಾ?"

"ನಾನಲ್ಲ," ಎಂದೆ.

ಅವರು ಬೀದಿ ದಾಟಿ ಮನೆಗೆ ಹೋದರು. ಆ ಹಬ್ಬದ ಉಳಿದ ದಿನಗಳೆಲ್ಲ ರಾಣಿ, ರಾಜನ ಪಕ್ಕದಲ್ಲಿ ಅತ್ತೆಯ ಹಳೆಯ ನೂಲಿನ ಸೀರೆಯ ಚೂರು ಉಟ್ಟು ನಿಂತಿದ್ದಳು. ಮುಂದಿನ ದಸರೆಗೆ ಹಲಗೆಯ ಮೇಲೆ ಗೊಂಬೆ ಕೂರಲಿಲ್ಲ. ಅದರ ಮರುವರ್ಷ ಅತ್ತೆ ಹೊಸಕೋಟೆಯ ತಮ್ಮನ ಮನೆಗೆ ಹೊರಟುಹೋದರು. ಗಾಡಿಯಲ್ಲಿ ಗೊಂಬೆಯ ಪೆಟ್ಟಿಗೆಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು. ನಾನು ಕಿಟಕಿಯ ಹಿಂದೆ ನಿಂತು ನೋಡಿದೆ.

ಈಗ ಟ್ರಂಕಿನ ಮುಂದೆ ಕೂತು ಆ ತುಂಡನ್ನು ಬಿಡಿಸಿದೆ. ಅತ್ತೆ ಎರಡೂ ಕಡೆ ಒಳಕ್ಕೆ ಮಡಚಿ ಸಣ್ಣದಾಗಿ ಹೊಲಿದಿದ್ದರು. ಒಂದು ಕಡೆ ಹೊಲಿಗೆ ಬಿಚ್ಚಿತ್ತು. ಮಡಿಕೆಯ ಒಳಗೆ ಎರಡು ಬೆರಳಗಲ ಗಿಳಿಹಸಿರು. ಆ ನೇಕಾರ ಮೊದಲು ಅಡ್ಡನೂಲಿಗೆ ಹಸಿರು ಹೊಕ್ಕು ಹಾಕಿ ನೋಡಿ, ಒಪ್ಪದೆ, ಆಮೇಲೆ ಕುಂಕುಮಕ್ಕೆ ಬದಲಿಸಿದ್ದಾರೆ. ಟ್ರಂಕಿನಲ್ಲೇ ಇದ್ದ ಅಮ್ಮನ ಧಾರೆ ಸೀರೆಯಲ್ಲಿ ಎಲ್ಲಿ ಹುಡುಕಿದರೂ ಒಂದೆಳೆ ಹಸಿರಿಲ್ಲ. ಅತ್ತೆ ಹೇಳಿದ ಆ ಮೊದಲ ಗೇಣೇ ಇದು.

ಹೊಲಿಗೆ ತಾನಾಗಿ ಜೀರ್ಣವಾದದ್ದಲ್ಲ. ದಾರವನ್ನು ಕತ್ತರಿಯ ತುದಿಯಿಂದ ಒಂದೊಂದಾಗಿ ಬಿಡಿಸಿದ ಗುರುತಿದೆ. ಅಂದರೆ ಅಮ್ಮ ನೋಡಿದ್ದಳೇ? ಯಾವತ್ತು? ಅತ್ತೆ ಎದುರುಮನೆಯಲ್ಲಿ ಇದ್ದಾಗಲೋ, ಹೋದ ಮೇಲೋ? ಆ ದಸರೆಯ ನಂತರ ಅವಳು ಧಾರೆ ಸೀರೆ ಉಟ್ಟದ್ದನ್ನು ನಾನು ಕಂಡಿಲ್ಲ... ಸತ್ತ ತಾಯಿಯ ಮೇಲೂ ಅನುಮಾನ ಪಡುವ ಬುದ್ಧಿ ನನ್ನದು, ನಾಚಿಕೆಯಾಗುತ್ತದೆ. ಆದರೂ ಬಿಡುತ್ತಿಲ್ಲ.

ಸೀರೆಯನ್ನು ಹರವಿ ನಾನೂ ಮೊಳ ಹಾಕಿದೆ. ವಯಸ್ಸಾಗಿ ಬೆರಳುಗಳು ಬಾಗಿ, ನನ್ನ ಮೊಳ ಅಜ್ಜಿಯದಕ್ಕಿಂತ ಗಿಡ್ಡವಾಗಿದೆ. ನನ್ನ ಕೈಯಲ್ಲಿ ಹದಿನೇಳು ಬಂತು. ಅತ್ತೆ ಕದಿಯುವುದಿರಲಿ, ಒಂದು ಮೊಳ ಸೇರಿಸಿಯೇ ಕೊಟ್ಟಂತಿತ್ತು ಲೆಕ್ಕ. ನಗು ಬಂತು, ಆಮೇಲೆ ತಡೆಯಲಾಗದೆ ಅತ್ತುಬಿಟ್ಟೆ. ಬಿಚ್ಚಿದ್ದು ನಾನೇ, ಅತ್ತೆ. ಉಡಿಸೋಣವೆಂದರೆ ಆ ರಾಣಿ ಈಗ ಯಾರ ಮನೆಯಲ್ಲಿದ್ದಾಳೋ, ನನಗೆ ಗೊತ್ತಿಲ್ಲ.