ತಾರಸಿಯ ಮೇಲೆ ಕಲ್ಲುಸಾಸಿವೆ

ನಮ್ಮ ಫ್ರೀಜರಿನಲ್ಲಿ ಆ ವಾರ ಅಂಜಲ್ ಮೀನು ತುಂಬಿರದಿದ್ದರೆ ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಮೇಡಂ ರಜೆಗೆ ಹೊರಡುವ ಮುನ್ನ ಸ್ಪಷ್ಟವಾಗಿ ಹೇಳಿದ್ದರು: ಒಣಗಿಡಗಳಲ್ಲಿ ಹುಳ ಕಂಡರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದು ವಾರ ಫ್ರೀಜರಿನಲ್ಲಿಡಬೇಕು. ಹುಳ ಕಂಡಿತು. ಫ್ರೀಜರ್ ತೆರೆದರೆ ನನ್ನ ಗಂಡ ಮಾರ್ಕೆಟಿನಿಂದ ತುಂಡು ಮಾಡಿಸಿ ತಂದು ಪೇರಿಸಿದ ಅಂಜಲ್. ಇಪ್ಪತ್ತು ವರ್ಷ ಜೋಪಾನ ಮಾಡಿದ ಗಿಡಗಳನ್ನು ಮೀನಿನ ಪಕ್ಕದಲ್ಲಿ ಮಲಗಿಸುವುದೇ? ವಾಸನೆ ಹಿಡಿದರೆ? ನಮ್ಮ ಕರಾವಳಿಯ ಹೆಂಗಸರಿಗೆ ಹುಳಕ್ಕೆ ಗೊತ್ತಿರುವುದು ಒಂದೇ ಮದ್ದು, ಬಿಸಿಲು. ಅಕ್ಕಿಯಾಗಲಿ, ಮೆಣಸಾಗಲಿ, ಹಾಸಿಗೆಯಾಗಲಿ, ಅಂಗಳಕ್ಕೆ ಹಾಕಿದರೆ ಮುಗಿಯಿತು. ಕತಾರಿನಲ್ಲಿ ಬಿಸಿಲಿಗೆ ಬರವೇ?

ಮೇಡಂ ಯಾರೆಂದು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಅವರು ಯುರೋಪಿನವರು, ಅವರ ಗಂಡ ಇಲ್ಲಿ ಗ್ಯಾಸ್ ಕಂಪೆನಿಯಲ್ಲಿ ಎಂಜಿನಿಯರ್. ನಾನು ಅವರನ್ನು ಕಂಡದ್ದು ನರ್ಸರಿಯಲ್ಲಿ. ಕರಿಬೇವು ಎಂದು ಬೇರೆಯದೇ ಗಿಡ ಕೊಡಲು ನೋಡುತ್ತಿದ್ದ ಮಾರಾಟಗಾರನಿಗೆ ನಾನು ಎಲೆ ಹರಿದು ಮೂಗಿಗೆ ಹಿಡಿದು ಹಿಂದಿಯಲ್ಲಿ ಬೈಯುತ್ತಿದ್ದೆ. ಹಿಂದಿನಿಂದ ಒಬ್ಬರು ನಕ್ಕರು. "ನೀನು ಸಸ್ಯಶಾಸ್ತ್ರ ಓದಿದವಳೇ?" ಹೌದು, ಬಿಎಸ್ಸಿ. ಓದಿ ಎಂಟು ವರ್ಷವಾಗಿತ್ತು, ಆ ಎಂಟು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನನ್ನ ಪಾಸ್‌ಪೋರ್ಟಿನಲ್ಲಿ ಒತ್ತಿದ ಮುದ್ರೆ ಹೇಳುತ್ತಿದ್ದುದು ಇಷ್ಟೇ: ಗೃಹಿಣಿ, ಕೆಲಸಕ್ಕೆ ಅನುಮತಿಯಿಲ್ಲ.

ಹಾಗಾಗಿ ನಾನು ಮಾಡಿದ್ದು ಕೆಲಸವಲ್ಲ, ಸಹಾಯ. ಮೇಡಂ ಮದುವೆಯಾದ ಹೊಸದರಲ್ಲಿ ಗಂಡನೊಂದಿಗೆ ಯಾವುದೋ ತಣ್ಣನೆಯ ಬೆಟ್ಟಸೀಮೆಯಲ್ಲಿದ್ದರಂತೆ. ಅಲ್ಲಿ ಹತ್ತಿ ಇಳಿದು ಕೂಡಿಸಿದ ಕಾಡುಗಿಡಗಳನ್ನು ಅವರ ಊರಿನ ಮ್ಯೂಸಿಯಂ ತೆಗೆದುಕೊಳ್ಳಲು ಒಪ್ಪಿತ್ತು, ಎಲ್ಲವೂ ಸರಿಯಾಗಿ ಗುರುತಿಸಿ ಅಂಟಿಸಿದ್ದರೆ ಮಾತ್ರ. ನಾನು ಒಣಗಿಡಗಳನ್ನು ದಪ್ಪ ಹಾಳೆಗೆ ಸಣ್ಣ ಕಾಗದದ ಪಟ್ಟಿಗಳಿಂದ ಅಂಟಿಸಿ, ಮೂಲೆಯಲ್ಲಿ ಹೆಸರು, ಜಾಗ, ದಿನಾಂಕದ ಚೀಟಿ ಹಚ್ಚುತ್ತಿದ್ದೆ. ಕೆಲವು ಹಾಳೆಗಳಲ್ಲಿ ಮೇಡಂ ಬರೆದ ಚೀಟಿಯ ಕೆಳಗೆ ಯಾವನೋ ಪ್ರೊಫೆಸರನ ಇನ್ನೊಂದು ಚೀಟಿ ಇರುತ್ತಿತ್ತು: ಇದು ಅದಲ್ಲ, ಇದು. ಕೆಳಗೆ ಅವನ ಹೆಸರು, ವರ್ಷ. ಹಳೆಯ ಚೀಟಿ ತಪ್ಪಾದರೂ ಅದನ್ನು ಹರಿಯುವಂತಿಲ್ಲ, ಹೊಸದನ್ನು ಕೆಳಗೆ ಹಚ್ಚಬೇಕು. ಅದು ಆ ಲೋಕದ ಮರ್ಯಾದೆ.

ಮೇಡಂ ಜೂನಿನಲ್ಲಿ ರಜೆಗೆ ಹೋಗುವಾಗ ಉಳಿದಿದ್ದುದು ಎರಡೇ ಕಟ್ಟು. ಬಿನ್ ಒಮ್ರಾನ್ ಬಡಾವಣೆಯ ನಮ್ಮ ಫ್ಲ್ಯಾಟಿಗೆ ತಂದುಕೊಂಡೆ. ಎರಡೂ ರಾಕ್‌ಕ್ರೆಸ್, ಬಂಡೆಯ ಬಿರುಕಿನಲ್ಲಿ ಬೆಳೆಯುವ, ನಾಲ್ಕು ಬಿಳಿ ಎಸಳಿನ ಗಿಡ. ಸಾಸಿವೆಯ ದೂರದ ನೆಂಟ. ಕನ್ನಡದಲ್ಲಿ ಇದಕ್ಕೆ ಹೆಸರಿಲ್ಲವಾದ್ದರಿಂದ ನಾನೇ ಕಲ್ಲುಸಾಸಿವೆ ಎಂದು ಇಟ್ಟುಕೊಂಡೆ. ಒಂದು ಕಟ್ಟಿನಲ್ಲಿ ಎಂಟು ಗಿಡ, ಒಂದು ಬೆಟ್ಟದ್ದು. ಇನ್ನೊಂದರಲ್ಲಿ ಆರು, ಬೇರೆ ಬೆಟ್ಟದ್ದು, ಬೇರೆ ಜಾತಿ. ಕಟ್ಟಿಗೊಂದು ಚೀಟಿ, ಒಳಗೆ ಗಿಡಗಳು ಬಿಡಿಬಿಡಿ. ನೋಡಲು ಅಕ್ಕತಂಗಿಯರಲ್ಲ, ಅವಳಿಗಳು.

ಬೆಳಿಗ್ಗೆ ಎಂಟಕ್ಕೆ ತಾರಸಿಯಲ್ಲಿ ಬೆಡ್‌ಶೀಟ್ ಹಾಸಿ, ಎಡಕ್ಕೆ ಎಂಟು, ಬಲಕ್ಕೆ ಆರು ಇಟ್ಟು, ಪ್ರತಿಯೊಂದರ ಮೇಲೆ ಒಂದೊಂದು ಸ್ಟೀಲ್ ಚಮಚ ಹೇರಿ, ಬಹಳ ಬುದ್ಧಿವಂತೆ ಎಂದುಕೊಂಡು ಕೆಳಗೆ ಬಂದು ದೋಸೆ ಹುಯ್ದೆ. ಮೂರನೆಯ ದೋಸೆ ಏಳುವ ಮೊದಲೇ ಕಿಟಕಿ ಪಟಪಟ ಬಡಿಯಿತು. ಜೂನಿನಲ್ಲಿ ಇಲ್ಲಿ ಶಮಾಲ್ ಬೀಸುತ್ತದೆ, ಉತ್ತರದಿಂದ ಧೂಳು ಹೊತ್ತು ಬರುವ ಗಾಳಿ. ಎಂಟು ವರ್ಷ ಆ ಧೂಳನ್ನು ಗುಡಿಸಿದವಳಿಗೆ ಆವತ್ತು ಅದು ನೆನಪಾಗಲಿಲ್ಲವಲ್ಲ!

ಮೇಲೆ ಹೋದರೆ ಬೆಡ್‌ಶೀಟ್ ನೀರಿನ ಟ್ಯಾಂಕನ್ನು ಅಪ್ಪಿಕೊಂಡಿತ್ತು. ಚಮಚಗಳು ಚೆಲ್ಲಾಪಿಲ್ಲಿ. ಕಟ್ಟಡದ ನೇಪಾಳಿ ಕಾವಲುಗಾರ ಆಗಲೇ ಬಂದು ಡಿಶ್ ಆಂಟೆನಾಗಳ ನಡುವೆ ಬಗ್ಗಿ ಹೆಕ್ಕುತ್ತಿದ್ದ. "ದೀದಿ, ಯೇ ಘಾಸ್ ಕ್ಯೋಂ ಸುಖಾತಾ ಹೈ?" ಹುಲ್ಲು ಯಾಕೆ ಒಣಗಿಸುತ್ತೀರಿ ಎಂದು ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಹದಿಮೂರು ಸಿಕ್ಕಿದವು. ಹದಿನಾಲ್ಕನೆಯದು ಆಂಟೆನಾ ಕಂಬದ ಬುಡದಲ್ಲಿತ್ತು. ಒಂದೂ ಕಳೆಯಲಿಲ್ಲ, ಚೀಟಿಗಳೂ ಇದ್ದವು. ಆದರೆ ಯಾವುದು ಯಾವ ಕಟ್ಟಿನದು ಎನ್ನುವುದು ಗಾಳಿಗೆ ಹೋಗಿತ್ತು.

ಊಟದ ಮೇಜಿನ ಮೇಲೆ ಹದಿನಾಲ್ಕನ್ನೂ ಹರಡಿಕೊಂಡು ಕುಳಿತೆ. ತಪ್ಪು ಗಿಡಕ್ಕೆ ತಪ್ಪು ಚೀಟಿ ಹಚ್ಚಿದರೆ ಮ್ಯೂಸಿಯಂ ಅದನ್ನೇ ನಂಬುತ್ತದೆ. ಆ ಗಿಡ ತಾನು ಹುಟ್ಟದ ಬೆಟ್ಟದಲ್ಲಿ ಹುಟ್ಟಿದ್ದಾಗಿ ಎಂದೆಂದಿಗೂ ಉಳಿಯುತ್ತದೆ. ನಿಜ ಹೇಳಿದರೆ ನನ್ನ ಭಯ ಇನ್ನೂ ಸಣ್ಣದಿತ್ತು: ಮೇಡಂ ಮತ್ತೆಂದೂ ನನ್ನ ಕೈಗೆ ಗಿಡ ಕೊಡುವುದಿಲ್ಲ, ನಾನು ಮತ್ತೆ ದೋಸೆಗಷ್ಟೇ ಸಲ್ಲುವವಳಾಗುತ್ತೇನೆ. ಅವರು ಬರಲು ಒಂಬತ್ತು ದಿನವಿತ್ತು.

ಮೇಡಂ ಬಿಟ್ಟುಹೋದ ಭೂತಗನ್ನಡಿ ಮತ್ತು ನೋಟ್‌ಬುಕ್ಕು ಇದ್ದವು. ಮೊದಲು ಎಲೆಯ ರೋಮ ನೋಡಿದೆ. ಕವಲೊಡೆದ, ನಕ್ಷತ್ರದಂಥ ರೋಮ. ಸಂಭ್ರಮಪಟ್ಟು ಇನ್ನೊಂದನ್ನು ನೋಡಿದರೆ ಅದಕ್ಕೂ ಅದೇ. ಒಂದರ ಎಲೆ ಹಸಿರು, ಇನ್ನೊಂದರದು ಬೂದು ಎಂದು ನೋಟ್‌ಬುಕ್ಕು ಹೇಳುತ್ತಿತ್ತು. ಇಪ್ಪತ್ತು ವರ್ಷ ಒಣಗಿದ ಮೇಲೆ ಯಾವ ಹಸಿರು, ಯಾವ ಬೂದು? ಎಲ್ಲವೂ ಹಳೆ ಚಹಾಪುಡಿಯ ಬಣ್ಣ. ಎಸಳು ಒಂದರದು ಸಣ್ಣದು, ಇನ್ನೊಂದರದು ದೊಡ್ಡದು, ಆದರೆ ಅರ್ಧಕ್ಕರ್ಧ ಗಿಡಗಳಲ್ಲಿ ಹೂವೇ ಉದುರಿತ್ತು. ಕೊನೆಗೆ ಉಳಿದದ್ದು ಎಲೆಯಂಚಿನ ಹಲ್ಲು. ಬುಡದ ಎಲೆಯ ಒಂದೊಂದು ಬದಿಗೆ ನಾಲ್ಕರಿಂದ ಆರು ಹಲ್ಲಿದ್ದರೆ ಒಂದು ಜಾತಿ, ಎರಡೋ ಮೂರೋ ಇದ್ದರೆ ಇನ್ನೊಂದು.

ಮೂರು ದಿನ ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ಹಲ್ಲೆಣಿಸಿದೆ. ಎಸಳಿದ್ದ ಗಿಡಗಳಲ್ಲಿ ಎಸಳಿನ ಅಳತೆಯೂ ಹಲ್ಲಿನ ಲೆಕ್ಕವೂ ಒಂದೇ ಮಾತು ಹೇಳಿದಾಗ ಎದೆ ಹಗುರಾಯಿತು. ಎಣಿಸಿ ಮುಗಿಸಿ ನೋಡಿದರೆ ಹೆಚ್ಚು ಹಲ್ಲಿನವು ಒಂಬತ್ತು, ಕಡಿಮೆ ಹಲ್ಲಿನವು ಐದು. ಇರಬೇಕಾಗಿದ್ದುದು ಎಂಟು ಮತ್ತು ಆರು. ಮತ್ತೆ ಎಣಿಸಿದೆ. ಒಂಬತ್ತು, ಐದು.

ಗಂಡ ಲುಸೈಲ್ ಕಡೆಯ ಸೈಟ್ ಆಫೀಸಿನಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ದಿನವಿಡೀ ಡ್ರಾಯಿಂಗ್ ಎಣಿಸಿ ಪಟ್ಟಿಗೆ ತಾಳೆ ಹಾಕುವುದೇ ಅವನ ಉದ್ಯೋಗ. ಬೂಟು ಬಿಚ್ಚುತ್ತಲೇ ತೀರ್ಪು ಕೊಟ್ಟ.

"ಒಂದನ್ನು ತೆಗ್ದು ಆ ಕಡೆ ಹಾಕು ಮಾರಾಯ್ತಿ. ಎಂಟು, ಆರು, ಟ್ಯಾಲಿ ಆಯ್ತು, ಖಲಾಸ್. ಅಲ್ಲಿ ಹಲ್ಲು ಎಣಿಸ್ಲಿಕ್ಕೆ ಯಾರು ಕೂತಿದ್ದಾರೆ?"

"ನಾನು ಎಣಿಸಿದ್ದೇನಲ್ಲ."

"ನಿಂಗೆ ಬೇರೆ ಎಂತ ಕೆಲಸ ಉಂಟು?" ಎಂದ. ಚೇಷ್ಟೆಗೇ ಅಂದದ್ದು. ಆದರೂ ಆ ಮಾತು ನನಗೆ ನಾಟಿತು. ಅವನಿಗೆ ಚಹಾ ಕೊಡುವಾಗ ಲೋಟ ಸ್ವಲ್ಪ ಜೋರಾಗಿಯೇ ಕುಕ್ಕಿದೆ.

ಮರುದಿನ ಅವನು ಹೇಳಿದ್ದನ್ನೇ ಮಾಡಿದೆ ಎಂದು ಒಪ್ಪಿಕೊಳ್ಳುತ್ತೇನೆ. ಒಂಬತ್ತರಲ್ಲಿ ಅತಿ ಸಣ್ಣದನ್ನು ತೆಗೆದು ಐದರ ಜೊತೆ ಸೇರಿಸಿ ದಾರ ಕಟ್ಟಿದೆ. ಅಡುಗೆಮನೆಗೆ ಹೋಗಿ ತೆಂಗಿನಕಾಯಿ ತುರಿಯಲು ಕುಳಿತೆ. ಅರ್ಧ ಕಾಯಿ ಮುಗಿಯುವಷ್ಟರಲ್ಲಿ ಎದ್ದು ಬಂದು, ಕೈ ತೊಳೆದು, ದಾರ ಬಿಚ್ಚಿದೆ. ಆ ಗಿಡಕ್ಕೆ ಬದಿಗೆ ಐದೈದು ಹಲ್ಲಿದ್ದವು. ನನ್ನ ಕಣ್ಣಿಂದ ನೋಡಿದ್ದು. ಅದನ್ನು ಇಲ್ಲವೆನ್ನುವುದಾದರೆ ನಾನು ಓದಿದ್ದಾದರೂ ಯಾಕೆ? ಕಟ್ಟುಗಳ ಮೇಲೆ ಒಂದು ಕಾಗದದಲ್ಲಿ ಬರೆದಿಟ್ಟೆ: ಒಂಬತ್ತು, ಐದು. ತಾಳೆಯಾಗುವುದಿಲ್ಲ. ತಪ್ಪು ನನ್ನದು.

ಮೇಡಂ ಬಂದ ದಿನ ಅವರ ಮನೆಯ ಹಜಾರದಲ್ಲಿ ನಿಂತು, ಕೂರಿ ಎಂದರೂ ಕೂರದೆ, ಫ್ರೀಜರಿನ ಮೀನು, ಚಮಚ, ಶಮಾಲ್, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವರ ಮುಖ ಬಿಳುಚಿತು. ಕಟ್ಟು ಬಿಚ್ಚಿ ಭೂತಗನ್ನಡಿ ತೆಗೆದುಕೊಂಡರು. ಬೈದಿದ್ದರೆ ಸುಲಭವಿತ್ತು. ಎಸಿಯ ಸದ್ದು ಕೇಳುತ್ತಾ ನಾನು ನನ್ನ ಚಪ್ಪಲಿ ನೋಡುತ್ತಾ ನಿಂತೆ.

ಅವರು ಎಲೆ ನೋಡುತ್ತಿರಲಿಲ್ಲ. ಬೇರು ನೋಡುತ್ತಿದ್ದರು.

"ಇಲ್ಲಿ ಬಾ," ಎಂದರು. ಬೇರಿನ ಎಳೆಗಳಲ್ಲಿ ಕಲ್ಲಿನ ಪುಡಿ ಸಿಕ್ಕಿಕೊಂಡಿತ್ತು. ಎಂಟು ಗಿಡಗಳಲ್ಲಿ ಬಿಳಿ ಪುಡಿ, ಆರರಲ್ಲಿ ಕಪ್ಪು. ಒಂದು ಬೆಟ್ಟ ಸುಣ್ಣಕಲ್ಲಿನದು, ಇನ್ನೊಂದು ಕರಿಕಲ್ಲಿನದು. ಗಾಳಿ ಗಿಡವನ್ನು ಹಾರಿಸಬಹುದಿತ್ತು, ಬೇರು ಕಚ್ಚಿದ ಕಲ್ಲನ್ನು ಬಿಡಿಸಲು ಅದರಿಂದಾಗಿರಲಿಲ್ಲ. ಕರಿಕಲ್ಲಿನ ಆರರಲ್ಲಿ ಐದಕ್ಕೆ ಕಡಿಮೆ ಹಲ್ಲು. ಆರನೆಯದು ಐದೈದು ಹಲ್ಲಿನ, ನಾನು ಕಟ್ಟಿ ಬಿಚ್ಚಿದ ಆ ಸಣ್ಣ ಗಿಡ.

ಮೇಡಂ ಅದರ ಹಲ್ಲುಗಳನ್ನು ಎರಡು ಸಲ ಎಣಿಸಿದರು. ಆಮೇಲೆ ಕುರ್ಚಿಗೆ ಒರಗಿ ನಗತೊಡಗಿದರು. "ಆ ದಿನ ಮಳೆ ಬರುವ ಹಾಗಿತ್ತು. ಒಂದೇ ಬಿರುಕಿನಲ್ಲಿ ಎರಡೂ ಜಾತಿ ಇದ್ದಿರಬೇಕು. ನಾನು ಎಲ್ಲವನ್ನೂ ಒಂದೇ ಎಂದು ಕಿತ್ತು ಚೀಲಕ್ಕೆ ಹಾಕಿದೆ. ಇಪ್ಪತ್ತು ವರ್ಷ ಒಮ್ಮೆಯೂ ತಿರುಗಿ ನೋಡಲಿಲ್ಲ. ನೀನು ಹಾರಿಸದಿದ್ದರೆ ಈ ತಪ್ಪು ಹಾಗೇ ಮ್ಯೂಸಿಯಂಗೆ ಹೋಗುತ್ತಿತ್ತು." ನಾನು ಆಗ ಕುಳಿತೆ. ಒಂಬತ್ತು ದಿನದಿಂದ ಕಾಲು ನೋಯುತ್ತಿತ್ತೆಂದು ಆಗ ಗೊತ್ತಾಯಿತು.

"ಇನ್ನು ಬಿಸಿಲಿಗೆ ಹಾಕಬೇಡ," ಎಂದು ನಗು ನಿಲ್ಲಿಸಿ ಹೇಳಿದರು. ಇಲ್ಲ ಎಂದೆ.

ಆ ಗಿಡವನ್ನು ಬೇರೆ ಹಾಳೆಗೆ ಅಂಟಿಸಿದೆ. ಮೂಲೆಯಲ್ಲಿ ಮೇಡಂ ಬರೆದ ಹಳೆಯ ಹೆಸರಿನ ಚೀಟಿ ಹಚ್ಚಿದೆ. ಅವರು ಖಾಲಿ ಚೀಟಿಯೊಂದನ್ನು ನನ್ನ ಮುಂದೆ ತಳ್ಳಿದರು. ಸರಿಯಾದ ಜಾತಿಯ ಹೆಸರನ್ನು ಬರೆದು, ಕೆಳಗೆ ಗುರುತಿಸಿದವರು ಎಂಬಲ್ಲಿ ಅವರ ಹೆಸರಿನ ಮೊದಲಕ್ಷರ ಬರೆಯುತ್ತಿದ್ದೆ. ಅವರು ನನ್ನ ಕೈ ಹಿಡಿದರು.

"ಹಲ್ಲು ಎಣಿಸಿದ್ದು ಯಾರು?"

ಬೇರೆ ಚೀಟಿ ಕೊಟ್ಟರು. ಅದರಲ್ಲಿ ಉದ್ಯೋಗವನ್ನು ಕೇಳುವ ಜಾಗ ಇರಲಿಲ್ಲ, ಗಂಡನ ಹೆಸರಿಗೂ ಜಾಗವಿರಲಿಲ್ಲ. ನನ್ನ ಹೆಸರು ಬರೆದೆ, ವರ್ಷ ಬರೆದೆ. ಕಣ್ಣು ತುಂಬಿ ಬಂದು ಕೊನೆಯ ಅಂಕಿ ಸ್ವಲ್ಪ ಸೊಟ್ಟಗಾಯಿತು. ಇನ್ನೊಂದು ಚೀಟಿ ಕೇಳಲು ಬಾಯಿ ಬರಲಿಲ್ಲ, ಹಾಗೇ ಹಚ್ಚಿದೆ.